ಒಂದು ಬೈಕು, ಎರಡು ರೋಗ

ನಮ್ಮ ಮನೆಯ ಸ್ಪ್ಲೆಂಡರ್ 1999ರದು. ಅಡಿಕೆ ಮಾರಿದ ಹಣದಲ್ಲಿ ಅಪ್ಪ ತೆಗೆದದ್ದು. ಕಾಸರಗೋಡಿನ ಕೆ.ಎಲ್. 14 ನಂಬ್ರ, ಕಪ್ಪು ಬಣ್ಣ, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಎಂದೇ ಇದೆ. ಅಪ್ಪನಿಗೆ ಎಪ್ಪತ್ತು ದಾಟಿದ ಮೇಲೆ ಅದು ನನ್ನ ಕೈಗೆ ಬಂತು. ಮೈಲೇಜಿಗೆ ತೊಂದರೆ ಇಲ್ಲ, ಒಂದೇ ಕಿಕ್ಕಿಗೆ ಸ್ಟಾರ್ಟು, ಹಾಗಾಗಿ ಹೊಸತು ತೆಗೆಯುವ ಯೋಚನೆಯೇ ಬಂದಿರಲಿಲ್ಲ.

2024ರ ಫೆಬ್ರವರಿ ಕೊನೆಗೆ ಅದು ಮೊದಲ ಸಲ ದಾರಿಯಲ್ಲಿ ಕೈಕೊಟ್ಟಿತು. ಪೆರ್ಲದ ಈಚೆಗಿರುವ ನಮ್ಮ ಮನೆಯಿಂದ ಬದಿಯಡ್ಕದ ಆಚೆಗಿರುವ ಶಾಲೆಗೆ ನನಗೆ ದಿನಾ 13 ಕಿಲೋಮೀಟರು. ಬೆಳಿಗ್ಗೆ ಹೋಗುವಾಗ ಏನೂ ಇಲ್ಲ. ಸಂಜೆ ನಾಲ್ಕೂವರೆಗೆ, ಡಾಮರಿನ ಕಾವು ಮುಖಕ್ಕೆ ಹೊಡೆಯುವ ಹೊತ್ತಿನಲ್ಲಿ, ಉಕ್ಕಿನಡ್ಕದ ಹತ್ತಿರ ಏರು ಹತ್ತುವಾಗ ಎಂಜಿನು ಪಟ್ಟನೆ ನಿಂತಿತು. ಪೆಟ್ರೋಲು ಸಾಲದೆ ನಿಲ್ಲುವ ಬೈಕು ಮೊದಲು ಎಳೆಯುತ್ತದೆ, ಕೆಮ್ಮುತ್ತದೆ, ಒಂದೆರಡು ಸಲ ಮುಗ್ಗರಿಸುತ್ತದೆ. ಇದು ಹಾಗಲ್ಲ. ಯಾರೋ ಹಿಂದಿನಿಂದ ಕೈ ಹಾಕಿ ಕೀ ತಿರುಗಿಸಿದ ಹಾಗೆ. ಹದಿನೈದಿಪ್ಪತ್ತು ಕಿಕ್ಕು ಹೊಡೆದು ಬೆವರಿಳಿಸಿಕೊಂಡು, ರಸ್ತೆ ಬದಿಯ ಗೋಳಿಮರದ ಅಡಿ ಕೂತೆ. ಇಪ್ಪತ್ತು ನಿಮಿಷ ಕಳೆದು ಸುಮ್ಮನೆ ಒಂದು ಕಿಕ್ಕು ಹೊಡೆದರೆ ಏನೂ ಆಗದವರ ಹಾಗೆ ಹೊರಟಿತು.

ಇದಕ್ಕೆ ಮೊದಲೇ ಬೇರೆ ಕಿರಿಕಿರಿಗಳು ಇದ್ದವು. ಎರಡು ತಿಂಗಳಲ್ಲಿ ಮೂರು ಹೆಡ್‌ಲೈಟ್ ಬಲ್ಬು ಹೋಗಿತ್ತು. ಹಾರ್ನ್ ಒತ್ತಿದರೆ ಮಳೆಗಾಲದ ಗದ್ದೆಯ ಒಂಟಿ ಕಪ್ಪೆಯ ಸ್ವರ. ಇಂಡಿಕೇಟರು ಹಾಕಿದರೆ ಒಮ್ಮೆ ಹೊತ್ತಿ, ಮತ್ತೆ ಹೊತ್ತಲೋ ಬೇಡವೋ ಎಂದು ಆಲೋಚಿಸಿಕೊಂಡು ಕೂರುತ್ತಿತ್ತು. ಜೂನಿನಲ್ಲಿ ಆರ್‌ಸಿ ಮುಗಿಯುವುದಿತ್ತು. ಹದಿನೈದು ವರ್ಷ ಕಳೆದ ಬೈಕಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2014ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ ಆಗಿತ್ತು, ಇದು ಮೂರನೆಯದು. ಆರ್‌ಟಿಒ ಆಫೀಸಿನ ಬ್ರೇಕ್ ಇನ್ಸ್‌ಪೆಕ್ಟರ ಎದುರು ಹಾರ್ನು, ಲೈಟು, ಇಂಡಿಕೇಟರು ಎಲ್ಲ ಕೆಲಸ ಮಾಡಿ ತೋರಿಸಬೇಕು. ದಾರಿಯಲ್ಲಿ ನಿಲ್ಲುವುದು, ಬಲ್ಬು ಹೋಗುವುದು, ಹಾರ್ನ್ ಕೂಗದ್ದು ಎಲ್ಲ ಒಂದೇ ರೋಗದ ಬೇರೆ ಬೇರೆ ಲಕ್ಷಣ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. "ವಯರಿಂಗ್ ಹಳತಾಯಿತು" ಎಂಬ ಒಂದು ಮಾತಿನಲ್ಲಿ ಎಲ್ಲವನ್ನೂ ಕಟ್ಟಿಹಾಕಿದೆ. ಮುಂದಿನ ಎರಡು ತಿಂಗಳು ಅಲೆದದ್ದು ಆ ಒಂದು ತೀರ್ಮಾನದಿಂದ.

ನಮ್ಮ ಮೆಕ್ಯಾನಿಕ್ ಅಪ್ಪನ ಕಾಲದಿಂದ ಈ ಬೈಕನ್ನು ಬಲ್ಲವರು. ನಾನು ಹೇಳಿ ಮುಗಿಸುವ ಮೊದಲೇ "ಮಾಷ್ಟ್ರೆ, ಸೀಡಿಐ ಪೋತುಂಡು" ಎಂದರು, ಸೀಡಿಐ ಹೋಗಿದೆ ಎಂದು. ಸೀಡಿಐ ಎಂದರೆ ಸೀಟಿನ ಕೆಳಗೆ ಕೂತಿರುವ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಕಪ್ಪು ಡಬ್ಬಿ. ಪ್ಲಗ್ಗಿಗೆ ಕಿಡಿ ಕೊಡುವ ಹೊತ್ತನ್ನು ನಿರ್ಧರಿಸುವುದು ಅದು. ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ, ಒಳಗೆಲ್ಲ ರಾಳ ತುಂಬಿಸಿರುತ್ತಾರೆ. ಬದಲಿಸಲು ಎರಡು ನಿಮಿಷ. ಬದಲಿಸಿದರು. ಎರಡು ದಿನ ಬೈಕು ನಿಲ್ಲಲಿಲ್ಲ. ನನಗೆ ಖುಷಿಯೋ ಖುಷಿ. ಆ ಎರಡೂ ದಿನ ಸಂಜೆ ಮೋಡ ಮುಚ್ಚಿ ತಣ್ಣಗಿತ್ತು ಎಂಬುದು ನನಗೆ ಹೊಳೆದದ್ದು ಮೂರನೇ ದಿನ, ಅದೇ ಏರಿನಲ್ಲಿ, ಅದೇ ಗೋಳಿಮರದ ಅಡಿಯಲ್ಲಿ.

ಆಮೇಲೆ ಲೈಟಿಗೂ ಬ್ಯಾಟರಿಗೂ ಕರೆಂಟು ಹೆಚ್ಚಾಗದಂತೆ ತಡೆಯುವ ರೆಗ್ಯುಲೇಟರ್ ಬದಲಿಸಿದ್ದಾಯಿತು. ಪ್ಲಗ್ಗು, ಪ್ಲಗ್ ಕ್ಯಾಪು ಆಯಿತು. ಬ್ಯಾಟರಿ ಬಿಚ್ಚಿ ನೋಡಿದರೆ ನೀರು ಪ್ಲೇಟಿನಿಂದ ಕೆಳಗೆ ಇಳಿದು ಒಳಗೆಲ್ಲ ಬಿಳಿ ಬಿಳಿ. ಅದೂ ಹೊಸತಾಯಿತು. ಹಾರ್ನ್ ಒಂದು ವಾರ ಚಂದಕ್ಕೆ ಕೂಗಿತು. ಬೈಕು ನಿಲ್ಲುವುದು ಮಾತ್ರ ನಿಲ್ಲಲಿಲ್ಲ. ಮೆಕ್ಯಾನಿಕ್ ಮೇಲೆ ನನಗೆ ಸಿಟ್ಟಿಲ್ಲ. ತಣ್ಣಗಿರುವ ಬೈಕನ್ನು ಗ್ಯಾರೇಜಿಗೆ ಒಯ್ದರೆ ಅದು ಸರಿಯಾಗಿಯೇ ಇರುತ್ತದೆ. ಸರಿಯಿರುವ ಬೈಕಿನಲ್ಲಿ ಏನು ಸರಿಯಿಲ್ಲ ಎಂದು ಹುಡುಕಲು ಅವರು ಯಾವ ಮಂತ್ರ ಹಾಕಬೇಕು? ಒಂದೊಂದೇ ಸಾಮಾನು ಬದಲಿಸುತ್ತ ಹೋಗುವುದು ಬಿಟ್ಟರೆ ದಾರಿ ಇಲ್ಲ, ದುಡ್ಡು ನನ್ನದಾದರೂ.

ನಾನು ಪಾಠ ಮಾಡುವುದು ಸಮಾಜವಿಜ್ಞಾನ. ಮಲಯಾಳ ವಿಭಾಗದಲ್ಲಿ ಫಿಸಿಕ್ಸ್ ಹೇಳುವ ಗೆಳೆಯ ಸ್ಟಾಫ್‌ರೂಮಿನಲ್ಲಿ ನನ್ನ ಗೋಳು ಕೇಳಿ ಕೇಳಿ ಬೇಸತ್ತು, ತನ್ನ ಹಳದಿ ಮಲ್ಟಿಮೀಟರನ್ನು ಕೈಗಿಟ್ಟ. "ಇನಿ ಊಹಿಕ್ಕೇಂಡ, ಅಳಕ್ಕ್" ಎಂದ. ಇನ್ನು ಊಹಿಸಬೇಡ, ಅಳೆ. ಮಾರ್ಚ್ ಮುಗಿದು ರಜೆ ಶುರುವಾಗಿತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಯರಿಂಗಿನ ಚಿತ್ರ ಬಿಡಿಸುತ್ತ ಜಗಲಿಯಲ್ಲಿ ಕೂತೆ. ಅಡಿಕೆ ಸುಲಿಯುತ್ತಿದ್ದ ಅಪ್ಪ ಕತ್ತೆತ್ತಿ, "ಎಂತದದು, ಬೈಕಿನ ಜಾತಕವಾ?" ಎಂದರು.

ಜಾತಕವೇ. ಹೋಂಡಾದವರ ವಯರಿನ ಬಣ್ಣಗಳಿಗೆ ಒಂದು ಕ್ರಮ ಇದೆ. ಅದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ಪಚ್ಚೆ ವಯರು ಅರ್ತಿಂಗು. ಕೆಂಪು ಬ್ಯಾಟರಿಯಿಂದ ಬರುವುದು. ಕಪ್ಪು, ಕೀ ತಿರುಗಿಸಿದ ಮೇಲೆ ಜೀವ ಬರುವುದು. ಬಿಳಿ ಬ್ಯಾಟರಿ ಚಾರ್ಜಿಗೆ, ಹಳದಿ ಹೆಡ್‌ಲೈಟಿಗೆ. ಕಪ್ಪಿನ ಮೇಲೆ ಕೆಂಪು ಗೆರೆ ಇರುವುದು ಎಂಜಿನಿನ ಜೊತೆ ತಿರುಗುವ ಮ್ಯಾಗ್ನೆಟಿನ ಎಕ್ಸೈಟರ್ ಕಾಯಿಲ್ಲಿನಿಂದ (ತಂತಿಯ ಸುರುಳಿ) ಸೀಡಿಐಗೆ. ನೀಲಿಯ ಮೇಲೆ ಹಳದಿ ಗೆರೆ, ಕಿಡಿ ಕೊಡುವ ಹೊತ್ತಾಯಿತೆಂದು ಸೀಡಿಐಗೆ ತಿಳಿಸುವ ಪಲ್ಸರ್ ಕಾಯಿಲ್ಲಿನದು. ಕಪ್ಪಿನ ಮೇಲೆ ಬಿಳಿ ಗೆರೆ ಎಂಜಿನು ಆಫ್ ಮಾಡುವುದಕ್ಕೆ. ನಮ್ಮ ಊರಿನಲ್ಲಿ ಒಂದು ಅನುಕೂಲ: ಹವ್ಯಕರಿಗೂ ಪಚ್ಚೆ, ತುಳುವಿನಲ್ಲೂ ಪಚ್ಚೆ, ಮಲಯಾಳದಲ್ಲೂ ಪಚ್ಚ. ಮೂರು ಭಾಷೆಯ ಗ್ಯಾರೇಜಿನಲ್ಲೂ ಆ ಒಂದು ವಯರಿನ ವಿಷಯದಲ್ಲಿ ಜಗಳ ಬರುವುದಿಲ್ಲ.

ಚಿತ್ರ ಬಿಡಿಸಿ ಮುಗಿಸಿದಾಗ ನನಗೊಂದು ಕಂಡಿತು. ಈ ಬೈಕಿನಲ್ಲಿ ಕಿಡಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ನಮ್ಮ ಮನೆಯ ನೀರಿನ ವ್ಯವಸ್ಥೆಯ ಹಾಗೆಯೇ. ಅಡಿಗೆಮನೆಗೆ ಬರುವುದು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು. ಅದು ತನ್ನಷ್ಟಕ್ಕೆ ಹರಿದು ಬರುತ್ತದೆ, ಅದಕ್ಕೆ ಪಂಪು ಬೇಡ, ಕರೆಂಟು ಬೇಡ. ತೋಟಕ್ಕೆ ಹೋಗುವುದು ಕೆರೆಯ ನೀರು, ಪಂಪಿನಲ್ಲಿ. ಪಂಪು ಕೆಟ್ಟರೆ ತೋಟ ಒಣಗೀತು, ಅಡಿಗೆಮನೆಯ ನಳ್ಳಿ ನಿಲ್ಲದು. ಮ್ಯಾಗ್ನೆಟಿನ ಒಳಗಿನ ಎಕ್ಸೈಟರ್ ಕಾಯಿಲ್ಲು ಸುರಂಗ. ಕಿಕ್ಕು ಹೊಡೆದು ಮ್ಯಾಗ್ನೆಟು ತಿರುಗಿದರೆ ಸಾಕು, ಅದೇ ಕರೆಂಟು ಹುಟ್ಟಿಸಿ ಸೀಡಿಐಗೆ ಕೊಡುತ್ತದೆ. ಪಕ್ಕದಲ್ಲೇ ಇರುವ ಇನ್ನೊಂದು ಕಾಯಿಲ್ಲು ಲೈಟಿಗೆ, ಚಾರ್ಜಿಗೆ. ಅಂದರೆ ದಾರಿಯಲ್ಲಿ ನಿಲ್ಲುವ ರೋಗಕ್ಕೆ ನಾನು ಬ್ಯಾಟರಿಯನ್ನೂ ರೆಗ್ಯುಲೇಟರನ್ನೂ ಬದಲಿಸಿದ್ದು ಸುರಂಗದ ನೀರು ನಿಂತದ್ದಕ್ಕೆ ಪಂಪು ರಿಪೇರಿ ಮಾಡಿಸಿದ ಹಾಗೆ.

ನಂಬಿಕೆ ಬರಲಿಲ್ಲ. ಫ್ಯೂಸು ತೆಗೆದಿಟ್ಟು ಕಿಕ್ಕು ಹೊಡೆದೆ. ಹೊರಟಿತು. ಹಾರ್ನಿಲ್ಲ, ಇಂಡಿಕೇಟರಿಲ್ಲ, ಎಂಜಿನು ಮಾತ್ರ ಟುಕುಟುಕು ಅನ್ನುತ್ತಿದೆ.

ಹಾಗಾದರೆ ನಿಲ್ಲಿಸುವುದು ಯಾವುದು? ಈ ಬಗೆಯ ಸೀಡಿಐಯಲ್ಲಿ ಕೀ ಆಫ್ ಮಾಡುವುದೆಂದರೆ ಕರೆಂಟು ಕತ್ತರಿಸುವುದಲ್ಲ. ಕಪ್ಪು-ಬಿಳಿ ವಯರನ್ನು ಪಚ್ಚೆಗೆ ಮುಟ್ಟಿಸಿ, ಕಿಡಿಗೆ ಹೋಗಬೇಕಾದ್ದನ್ನು ಅರ್ತಿಗೆ ಕೊಡುವುದು. ಆ ವಯರು ಹ್ಯಾಂಡಲಿನ ಹತ್ತಿರ ಎಲ್ಲಾದರೂ ಉಜ್ಜಿ ಚೇಸಿಗೆ ತಾಗಿದರೂ ಬೈಕು ನಿಲ್ಲುತ್ತದೆ. ಅದು ಹೌದೋ ಅಲ್ಲವೋ ನೋಡಲು ಸುಲಭ ದಾರಿ ಕಪ್ಪು-ಬಿಳಿಯನ್ನು ಕನೆಕ್ಟರಿನಿಂದ ಎಳೆದುಬಿಡುವುದು. ಎಳೆದೆ. ಹಾಲಿನ ಸೊಸೈಟಿಗೆ ಹೋದೆ. ಕ್ಯಾನ್ ಇಳಿಸಲು ಬೈಕು ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಎಂಜಿನು ಓಡುತ್ತಲೇ ಇದೆ. ಸೊಸೈಟಿಯ ಜಗಲಿಯಲ್ಲಿದ್ದವರೆಲ್ಲ ಬೈಕನ್ನೂ ನನ್ನನ್ನೂ ನೋಡುತ್ತಿದ್ದಾರೆ. ನಾನೇ ಎಳೆದ ವಯರು ನನಗೇ ಮರೆತುಹೋಗಿ, ಕೀ ಮತ್ತೆ ಹಾಕಿ ತಿರುಗಿಸಿ ತಿರುಗಿಸಿ ನೋಡಿದೆ. "ಮಾಷ್ಟ್ರೆ, ಪ್ರೇತ ಹಿಡಿದದ್ದು" ಎಂದು ಒಬ್ಬರು. ಕೊನೆಗೆ ನಾಲ್ಕನೇ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಕ್ಲಚ್ ಬಿಟ್ಟಾಗ ಮುಗ್ಗರಿಸಿ ನಿಂತಿತು. ಆ ದಿನ ಮಧ್ಯಾಹ್ನ ಅದೇ ಸ್ಥಿತಿಯಲ್ಲಿ ಉಕ್ಕಿನಡ್ಕದ ಏರು ಹತ್ತಿಸಿದೆ. ಯಥಾಪ್ರಕಾರ ನಿಂತಿತು. ಕೀ ಸ್ವಿಚ್ಚು ನಿರಪರಾಧಿ.

ಉಳಿದದ್ದು ಮೂರು: ಎಕ್ಸೈಟರ್ ಕಾಯಿಲ್ಲು, ಪಲ್ಸರ್ ಕಾಯಿಲ್ಲು, ಟ್ಯಾಂಕಿನ ಕೆಳಗಿನ ಇಗ್ನಿಶನ್ ಕಾಯಿಲ್ಲು. ತಣ್ಣಗಿರುವಾಗ ಮನೆಯಲ್ಲೇ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ. ಮೀಟರನ್ನು 2000 ಓಮಿಗೆ (ಓಮು ಎಂದರೆ ಕರೆಂಟಿಗೆ ಇರುವ ತಡೆಯ ಅಳತೆ) ತಿರುಗಿಸಿ, ಸೀಡಿಐ ಕನೆಕ್ಟರ್ ಕಳಚಿ, ಒಂದು ಸೂಜಿ ಕಪ್ಪು-ಕೆಂಪಿಗೆ, ಇನ್ನೊಂದು ಎಂಜಿನಿನ ಬರಿಯ ಲೋಹಕ್ಕೆ. 231. ನೀಲಿ-ಹಳದಿಗೆ 118. ಎರಡೂ ಸರಿಯೇ. ಸರಿಯಿದೆ ಎಂಬುದೇ ತೊಂದರೆ. ರೋಗ ಬರುವುದು ಬಿಸಿಯಲ್ಲಿ. ಹಾಗಾಗಿ ಬೈಕು ನಿಂತ ಮೇಲೆ, ನಿಂತಲ್ಲೇ ಅಳೆಯಬೇಕು.

ಏಪ್ರಿಲಿನ ಒಂದು ಮಧ್ಯಾಹ್ನ ಎರಡು ಗಂಟೆಗೆ ಮೀಟರು, ಸ್ಕ್ರೂಡ್ರೈವರು, ಒಂದು ಬಾಟ್ಲಿ ನೀರು ಚೀಲಕ್ಕೆ ಹಾಕಿಕೊಂಡು, ಕೆಡಲಿ ಎಂದೇ ಹೊರಟೆ. ಇದುವರೆಗೆ ನಿಲ್ಲಬೇಡ ಎಂದು ಬೇಡಿಕೊಳ್ಳುತ್ತಿದ್ದವನು ಆ ದಿನ ನಿಲ್ಲು ನಿಲ್ಲು ಎಂದು ಬೇಡಿಕೊಂಡೆ. ನಿಲ್ಲಲಿಲ್ಲ! ಬದಿಯಡ್ಕಕ್ಕೆ ಹೋಗಿ ತಿರುಗಿ ಬಂದು ಮತ್ತೊಮ್ಮೆ ಹೋಗುವಾಗ ನಿಂತಿತು. ಮುರಕಲ್ಲಿನ ಕಟ್ಟೆಗೆ ಒರಗಿಸಿ ಪಕ್ಕದ ಕವರು ತೆಗೆದು ಸೂಜಿ ಇಟ್ಟೆ. ಪಲ್ಸರ್ 139. ತಾಮ್ರ ಬಿಸಿಯಾದರೆ ಓಮು ಏರುತ್ತದೆ, ಅಷ್ಟು ಏರುವುದು ಸಹಜ. ಕಪ್ಪು-ಕೆಂಪಿಗೆ ಇಟ್ಟೆ. ಮೀಟರಿನ ಎಡ ಮೂಲೆಯಲ್ಲಿ ಒಂದೇ ಒಂದು 1.

231 ಇದ್ದದ್ದು ಒಂದು ಓಮಿಗೆ ಇಳಿಯಿತು, ಕಾಯಿಲ್ಲು ಒಳಗೆ ಶಾರ್ಟ್ ಆಗಿದೆ ಎಂದು ಗೆಳೆಯನಿಗೆ ಫೋನು ಮಾಡಿದೆ. ಅವ ಒಂದು ಕ್ಷಣ ಸುಮ್ಮನಿದ್ದು, ಮೂಲೆಯಲ್ಲಿ ಒಂಟಿಯಾಗಿ ಇದೆಯಾ ಎಂದು ಕೇಳಿ ನಗಾಡಿದ. ಅಗ್ಗದ ಮೀಟರಿನಲ್ಲಿ ಅದು ಒಂದಲ್ಲ, ಅಳತೆಗೆ ಸಿಗದಷ್ಟು ಎಂಬುದರ ಗುರುತು. ಅಂದರೆ ದಾರಿಯೇ ಕಡಿದಿದೆ. ಕಾಯಿಲ್ಲಿನ ಒಳಗೆ ಎಲ್ಲೋ ಒಂದು ಕಡೆ ತಂತಿ ತುಂಡಾಗಿ, ತಣ್ಣಗಿರುವಾಗ ತುದಿಗೆ ತುದಿ ತಾಗಿ ನಿಲ್ಲುತ್ತದೆ. ಬಿಸಿಗೆ ಹಿಗ್ಗಿದಾಗ ಕೂದಲೆಳೆಯಷ್ಟು ಬಿಡುತ್ತದೆ. ಹತ್ತು ನಿಮಿಷ ಸೂಜಿ ಹಿಡಿದೇ ಕೂತೆ. 1. 1. ಒಮ್ಮೆ 290 ಎಂದು ಮಿಂಚಿ ಮತ್ತೆ 1. ಆಮೇಲೆ 287, 1, 284. ನಂತರ 1 ಬರಲೇ ಇಲ್ಲ. 280ಕ್ಕೆ ಇಳಿದಾಗ ಕನೆಕ್ಟರ್ ಹಾಕಿ ಕಿಕ್ಕು ಹೊಡೆದೆ, ಹೊರಟಿತು. ಅಷ್ಟರಲ್ಲಿ ಆ ದಾರಿಯಲ್ಲಿ ಹೋದ ಏಳೆಂಟು ಮಂದಿ ನಿಲ್ಲಿಸಿ "ಪೆಟ್ರೋಲ್ ತೀರ್ನ್ನೋ ಮಾಷೇ?" ಎಂದು, ಪೆಟ್ರೋಲು ಮುಗಿಯಿತಾ ಎಂದು ಕೇಳಿದ್ದರು. ಎಲ್ಲರಿಗೂ ಹೌದು ಎಂದೆ. ಓಮಿನ ಕಥೆ ಹೇಳುವ ಜಾಗ ಅದಲ್ಲ.

ಕಾಯಿಲ್ಲು ಸುತ್ತಿಸಬಹುದೋ ಎಂದು ಪಂಪಿನ ಮೋಟರು ರಿವೈಂಡಿಂಗ್ ಮಾಡುವವರಲ್ಲಿ ಕೇಳಿದೆ. ಅಡಿಕೆ ತೋಟದ ಊರಲ್ಲಿ ಅವರಿಗೆ ಕೆಲಸಕ್ಕೆ ಬರ ಇಲ್ಲ. "ಇದರ ತಂತಿ ಕೂದಲಿಗಿಂತ ಸಪೂರ ಉಂಟು ಮಾಷ್ಟ್ರೆ, ನಮ್ಮ ಕೈಗೆ ಆಗುದಿಲ್ಲ" ಎಂದು ಕೈ ಮುಗಿದರು. ಕಾಸರಗೋಡಿನ ಬಿಡಿಭಾಗದ ಅಂಗಡಿಯಲ್ಲಿ ಇದ್ದದ್ದು ಹೊಸ ಮಾಡೆಲಿನ ಸ್ಟೇಟರ್ ಪ್ಲೇಟು (ಕಾಯಿಲ್ಲುಗಳು ಕೂತಿರುವ ತಟ್ಟೆ), ಕನೆಕ್ಟರ್ ಬೇರೆ. ಹಳೆಯದು "ವರುತ್ತಣಂ" ಎಂದರು, ತರಿಸಬೇಕು. ನಡುವೆ ಏಪ್ರಿಲ್ 26ರ ಚುನಾವಣೆಯ ಬೂತ್ ಡ್ಯೂಟಿ. ಅದು ಮುಗಿದ ಮೇಲೆ ವಿಟ್ಲ, ಕಲ್ಲಡ್ಕ ದಾರಿಯಾಗಿ ಬಸ್ಸಿನಲ್ಲಿ ಮಂಗಳೂರಿಗೆ ಹೋದೆ. ಮೀಟರೂ ಹಳೆಯ ಕನೆಕ್ಟರಿನ ಫೋಟೋವೂ ಜೊತೆಗೆ. ಕೌಂಟರಿನ ಮೇಲೆಯೇ ಅಳೆದು ನೋಡಿ ತೆಗೆದೆ. ಒಂದರಲ್ಲಿ ಕಪ್ಪು-ಕೆಂಪು 226 ತೋರಿಸಿತು, ಅದೇ ಸಾಕೆಂದೆ. ಅಂಗಡಿಯವರು ನನ್ನನ್ನು ನೋಡಿದ ನೋಟದಲ್ಲಿ ಮರ್ಯಾದೆ ಎಷ್ಟು, ಕಿರಿಕಿರಿ ಎಷ್ಟು ಎಂದು ಗೊತ್ತಾಗಲಿಲ್ಲ.

ಹಾಕುವ ಕೆಲಸ ನಾನೇ ಮಾಡುತ್ತೇನೆಂದು ಮ್ಯಾಗ್ನೆಟ್ ಪುಲ್ಲರ್ ಕೇಳಲು ಹೋದಾಗ ಮೆಕ್ಯಾನಿಕ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗಿಂದ ತಂದುಕೊಟ್ಟು, "ಸುತ್ತಿಗೆ ಮುಟ್ಟಿಸಬೇಡಿ" ಎಂದರು. ಮ್ಯಾಗ್ನೆಟಿಗೆ ಬದಿಯಿಂದ ಪೆಟ್ಟು ಬಿದ್ದರೆ ಕ್ರ್ಯಾಂಕು ಓರೆಯಾಗುತ್ತದೆ, ಒಳಗಿನ ಅಯಸ್ಕಾಂತವೂ ಬಿರುಕು ಬಿಡುತ್ತದೆ.

ಅಡಿಕೆ ಒಣಗಿಸಿದ ಅಂಗಳದ ಒಂದು ಮೂಲೆ ಖಾಲಿ ಮಾಡಿ ಕೂತೆ. ಗೇರ್ ಲಿವರು, ಎಡಗಡೆಯ ಕವರು ತೆಗೆದರೆ ಮ್ಯಾಗ್ನೆಟು ಎದುರಿಗೆ. ಅದರ ನಟ್ಟು ಬಿಚ್ಚುವಾಗ ಮ್ಯಾಗ್ನೆಟು ತಿರುಗಬಾರದು. ನಾಲ್ಕನೇ ಗೇರಿಗೆ ಹಾಕಿ, ಹೆಂಡತಿ ಹಿಂದಿನ ಬ್ರೇಕನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ನಟ್ಟು ಬಂತು. ಪುಲ್ಲರನ್ನು ತಿರುಪಿ ಕೂರಿಸಿ, ನಡುವಿನ ಬೋಲ್ಟು ಬಿಗಿಯುತ್ತ ಹೋದೆ. ಬಿಗಿದಷ್ಟೂ ಬಿಗಿ, ಇನ್ನು ಒಂದೋ ಇದು ತುಂಡಾಗುತ್ತದೆ ಒಂದೋ ಅದು ಎನ್ನುವಾಗ ಟಪ್ಪೆಂದು ಸದ್ದು. ಮ್ಯಾಗ್ನೆಟು ಕೈಗೆ ಬಂತು. ಒಳಗೆ ಎಕ್ಸೈಟರ್ ಕಾಯಿಲ್ಲನ್ನು ಗುರುತಿಸಲು ಕಷ್ಟವಿಲ್ಲ. ಉಳಿದ ಕಾಯಿಲ್ಲುಗಳಲ್ಲಿ ದಪ್ಪ ತಂತಿ ಕಣ್ಣಿಗೆ ಕಾಣುತ್ತದೆ, ಇದೊಂದಕ್ಕೆ ಮಾತ್ರ ಟೇಪು ಸುತ್ತಿರುತ್ತದೆ. 25 ವರ್ಷ ಎಂಜಿನಿನ ಬಿಸಿ ತಿಂದ ಆ ಟೇಪು ಒಣಗಿದ ಅಡಿಕೆ ಹಾಳೆಯ ಹಾಗೆ ಬಿರಿದಿತ್ತು.

ಹಳೆಯ ಪ್ಲೇಟು ಬಿಚ್ಚಿ ಹೊಸತು ಕೂರಿಸುವುದು ಸ್ಕ್ರೂ ಕೆಲಸ, ಅದರಲ್ಲಿ ಹೇಳಲು ಏನಿಲ್ಲ. ಮ್ಯಾಗ್ನೆಟು ಮತ್ತೆ ಹಾಕಲು ನೋಡಿದರೆ ಅರ್ಧಚಂದ್ರದ ಕೀ ಇಲ್ಲ. ಕ್ರ್ಯಾಂಕಿನ ಕಚ್ಚಿನಲ್ಲಿ ಕೂರುವ, ಉಗುರಿನಷ್ಟು ಗಾತ್ರದ ಉಕ್ಕಿನ ತುಂಡು. ಅದು ಇಲ್ಲದಿದ್ದರೆ ಮ್ಯಾಗ್ನೆಟು ತನ್ನ ಜಾಗದಲ್ಲಿ ನಿಲ್ಲದು, ಕಿಡಿಯ ಹೊತ್ತು ತಪ್ಪುತ್ತದೆ. ಅಂಗಳದಲ್ಲಿ ಅಡಿಕೆ, ಅಡಿಕೆಯ ಸಿಪ್ಪೆ, ಒಣಗಿದ ಎಲೆ. ಮೂವರೂ ಅರ್ಧ ಗಂಟೆ ಬಗ್ಗಿ ಹುಡುಕಿದೆವು. ಕೊನೆಗೆ ಅಪ್ಪ, ಹುಡುಕುವುದನ್ನು ಬಿಟ್ಟು ಪೇಪರಿನ ಮೇಲಿಟ್ಟಿದ್ದ ಮ್ಯಾಗ್ನೆಟನ್ನು ತಿರುಗಿಸಿ ನೋಡಿದರು. ಒಳಗಿನ ಗೋಡೆಗೆ ಕೀ ಅಂಟಿಕೊಂಡು ಕೂತಿತ್ತು, ಒಂದು ಹಿಡಿ ಮುರಮಣ್ಣಿನ ಕಪ್ಪು ಹುಡಿಯ ಜೊತೆಗೆ. ಹಾಗೆಯೇ ಹಾಕಿದ್ದರೆ ಹೊಸ ಕಾಯಿಲ್ಲು ಮೊದಲ ಕಿಕ್ಕಿಗೇ ಹರಿದುಹೋಗುತ್ತಿತ್ತು. ಬಟ್ಟೆಯಿಂದ ಒರೆಸಿ ಒರೆಸಿ ಹುಡಿ ತೆಗೆದು ಜೋಡಿಸಿದೆ.

ಆ ದಿನ ಬಿಸಿಲಲ್ಲೇ ಮುಳ್ಳೇರಿಯದವರೆಗೆ ಹೋಗಿ ಬಂದೆ. ಎಲ್ಲೂ ನಿಲ್ಲಲಿಲ್ಲ. ರಾತ್ರಿ ಎಂಟಕ್ಕೆ ಪೆರ್ಲ ಪೇಟೆಯಿಂದ ಬರುವಾಗ ಇಳಿಜಾರಿನಲ್ಲಿ ಸ್ವಲ್ಪ ವೇಗ ಹೆಚ್ಚಿಸಿದೆ. ಹೆಡ್‌ಲೈಟು ಒಮ್ಮೆ ಬೆಳ್ಳಗೆ ಉರಿದು ಆರಿತು.

ಕತ್ತಲೆಯಲ್ಲಿ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಮನೆಗೆ ಬರುವ ದಾರಿಯಲ್ಲಿ ನನ್ನ ತಲೆಗೆ ಹೋಯಿತು: ರೋಗ ಎರಡು. ಸುರಂಗದ್ದು ಬೇರೆ, ಕೆರೆಯದ್ದು ಬೇರೆ. ಎರಡೂ ಒಂದೇ ಹೊತ್ತಿಗೆ ಬಂದದ್ದರಿಂದ ಒಂದರ ಮದ್ದನ್ನು ಇನ್ನೊಂದಕ್ಕೆ ತಿನ್ನಿಸುತ್ತಿದ್ದೆ.

ಮರುದಿನ ಬ್ಯಾಟರಿಗೆ ಮೀಟರ್ ಇಟ್ಟು ಎಂಜಿನು ಏರಿಸಿದೆ. ಹದಿನಾಲ್ಕು ಹದಿನಾಲ್ಕೂವರೆ ವೋಲ್ಟಿನಲ್ಲಿ ನಿಲ್ಲಬೇಕಾದ್ದು 16.8ಕ್ಕೆ ಹೋಯಿತು. ಹಳೆಯ ಬ್ಯಾಟರಿಯ ನೀರು ಕುದಿದು ಆರಿದ್ದು ಹೀಗೆ. ಹೊಸತಕ್ಕೂ ಅದೇ ಗತಿ ಕಾದಿತ್ತು. ರೆಗ್ಯುಲೇಟರು ಕೆರೆಯ ಕೋಡಿ ಇದ್ದ ಹಾಗೆ. ಎಂಜಿನು ಜೋರಾಗಿ ತಿರುಗಿ ಕರೆಂಟು ಹೆಚ್ಚಾದರೆ, ಲೈಟಿಗೆ ಬೇಡದ್ದನ್ನು ಪಚ್ಚೆ ವಯರಿನಲ್ಲಿ ಅರ್ತಿಗೆ ಚೆಲ್ಲುವುದು ಅದರ ಕೆಲಸ. ರೆಗ್ಯುಲೇಟರು ಹೊಸತು. ಹಾಗಾದರೆ ಕೋಡಿಯ ತೋಡು ಕಟ್ಟಿದೆಯೇ? ಒಂದು ಸೂಜಿ ರೆಗ್ಯುಲೇಟರಿನ ಪಚ್ಚೆಗೆ, ಇನ್ನೊಂದು ಎಂಜಿನಿಗೆ ಇಟ್ಟು ಓಮು ನೋಡಿದೆ. ಸೊನ್ನೆಯ ಹತ್ತಿರ ಇರಬೇಕು. 40, ವಯರು ಅಲ್ಲಾಡಿಸಿದರೆ 300, ಮತ್ತೆ ಆ ಒಂಟಿ 1.

ಪಚ್ಚೆ ವಯರಿನ ಬೆನ್ನು ಹಿಡಿದು ಹೋದೆ. ಕನೆಕ್ಟರಿನಿಂದ ಹೊರಟು ಉಳಿದ ಪಚ್ಚೆಗಳ ಜೊತೆ ಸೇರಬೇಕಾದ ವಯರನ್ನು ಯಾರೋ ಕತ್ತರಿಸಿ, ಒಂದು ರಿಂಗು ಹಾಕಿ, ಚೇಸಿಗೆ ಬೋಲ್ಟು ಮಾಡಿದ್ದರು. ಅದರಲ್ಲೂ ತಪ್ಪಿಲ್ಲ, ಚೇಸಿಯೂ ಅರ್ತೇ. ಆದರೆ ರಿಂಗು ಕೂತದ್ದು ಪೈಂಟಿನ ಮೇಲೆ. 2019ರ ನವೀಕರಣಕ್ಕೆ ಮೊದಲು ಬೈಕು ಹೊಸತರ ಹಾಗೆ ಕಾಣಲಿ ಎಂದು ಒಂದು ವರ್ಕ್‌ಶಾಪಿನಲ್ಲಿ ಚೇಸಿಗೆಲ್ಲ ಕಪ್ಪು ಪೈಂಟು ಹೊಡೆಸಿದ್ದೆವು. ಪೈಂಟಿನಲ್ಲಿ ಕರೆಂಟು ಹರಿಯದು. ಅಷ್ಟು ವರ್ಷ ಬೋಲ್ಟಿನ ತಿರುಪಿನ ಎಳೆಯ ಮೂಲಕ ಹೇಗೋ ದಾಟಿಕೊಳ್ಳುತ್ತಿತ್ತು. ವರ್ಷಕ್ಕೆ 3,500 ಮಿಲ್ಲಿಮೀಟರ್ ಹತ್ತಿರ ಮಳೆ ಸುರಿಯುವ ಜಿಲ್ಲೆಯಲ್ಲಿ ಐದು ಮಳೆಗಾಲ ಕಳೆದ ಮೇಲೆ ಎಳೆಗೆ ತುಕ್ಕು ಹಿಡಿದು ಆ ದಾರಿಯೂ ಮುಚ್ಚಿತು.

ಬೋಲ್ಟು ತೆಗೆದು, ರಿಂಗಿನ ಅಡಿಯ ಪೈಂಟನ್ನು ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಉಪ್ಪುಕಾಗದದಲ್ಲಿ ಉಜ್ಜಿದೆ. ಕಪ್ಪು ಹೋಗಿ, ಅದರಡಿಯ ಹಳೆಯ ಕಪ್ಪು ಹೋಗಿ, ಬಿಳಿ ಲೋಹ ಹೊಳೆಯಿತು. ಹಲ್ಲು ಇರುವ ವಾಶರ್ ಹಾಕಿ ಬಿಗಿದು, ನೀರು ಇಳಿಯದಂತೆ ಮೇಲೆ ವ್ಯಾಸಲಿನ್ ಮೆತ್ತಿದೆ. ಇಷ್ಟರ ಮೇಲೂ ನಂಬಿಕೆ ಸಾಲದೆ, ದಪ್ಪದ ಇನ್ನೊಂದು ಪಚ್ಚೆ ವಯರನ್ನು ರಿಂಗಿನಿಂದ ನೇರ ಎಂಜಿನಿನ ಬೋಲ್ಟಿಗೆ ಎಳೆದೆ. ಎಂಜಿನು ಏರಿಸಿದರೆ 14.3. ಎಷ್ಟು ಏರಿಸಿದರೂ 14.3. ಖರ್ಚು ಹನ್ನೆರಡು ರೂಪಾಯಿ, ವಾಶರಿಗೆ ಮತ್ತು ರಿಂಗಿಗೆ. ವಯರು ಮನೆಯಲ್ಲೇ ಇತ್ತು.

ಬಲ್ಬು ಹೋಗುತ್ತದೆಂದು ಎಲ್‌ಇಡಿ ಹಾಕಿಸಲು ಹೇಳಿದವರು ತುಂಬ ಮಂದಿ. ಈ ಬೈಕಿನ ಹೆಡ್‌ಲೈಟಿಗೆ ಬರುವುದು ಬ್ಯಾಟರಿಯ ಕರೆಂಟಲ್ಲ, ಮ್ಯಾಗ್ನೆಟಿನ ಏಸಿ. ಅದಕ್ಕೆಂದೇ ಮಾಡಿದ ಬಲ್ಬು ಅಲ್ಲದಿದ್ದರೆ ಸಾಧಾರಣ ಎಲ್‌ಇಡಿ ಕಣ್ಣು ಹೊಡೆಯುತ್ತ ಇರುತ್ತದೆ. ಹಳೆಯ 35 ವಾಟ್ಸ್ ಬಲ್ಬೇ ಈಗಲೂ ಇದೆ, ಹೋಗಿಲ್ಲ.

ಪುಲ್ಲರ್ ಹಿಂದೆ ಕೊಡಲು ಹೋದಾಗ ತೆಗೆದಿಟ್ಟ ಹಳೆಯ ಸೀಡಿಐಯನ್ನೂ ರೆಗ್ಯುಲೇಟರನ್ನೂ ಒಯ್ದೆ. ಎರಡೂ ಸರಿಯಿದ್ದವು. ಮೆಕ್ಯಾನಿಕ್ ಸೀಡಿಐಯನ್ನು ಅಲ್ಲೇ ನಿಂತಿದ್ದ ಇನ್ನೊಂದು ಹಳೆಯ ಸ್ಪ್ಲೆಂಡರಿಗೆ ಹಾಕಿ ಕಿಕ್ಕು ಹೊಡೆದರು. ಹೊರಟಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಜೂನಿನಲ್ಲಿ ಮಳೆಯ ನಡುವೆ ಒಂದು ಬಿಡುವು ನೋಡಿ ಟೆಸ್ಟಿಗೆ ಒಯ್ದೆ. ಬ್ರೇಕ್ ಇನ್ಸ್‌ಪೆಕ್ಟರು ಚೇಸಿ ನಂಬ್ರ ನೋಡಿದರು, ಹಾರ್ನು ಒತ್ತಿಸಿದರು, ಲೈಟು, ಇಂಡಿಕೇಟರು, ಬ್ರೇಕ್ ಲೈಟು ನೋಡಿದರು. ಮೂರು ನಿಮಿಷ ಆಗಿರಲಿಕ್ಕಿಲ್ಲ.

ಮನೆಗೆ ಬಂದು ಬೈಕು ಕೊಟ್ಟಿಗೆಯ ಬದಿಗೆ ನಿಲ್ಲಿಸಿದೆ. ಅಪ್ಪ ಸುಮ್ಮನೆ ಅದರ ಮೇಲೆ ಕೂತು, ಕೀ ತಿರುಗಿಸಿ, ಗೇರು ಹಾಕಿ ತೆಗೆದು ನೋಡುತ್ತಿದ್ದವರು ಕರೆದು ಕೇಳಿದರು, "ಈ ಪಚ್ಚೆ ಲೈಟು ಎಂತಕೆ ಯಾವಗಳೂ ಹೊತ್ತುತ್ತು?" ನ್ಯೂಟ್ರಲ್ ಲೈಟು ಎಲ್ಲ ಗೇರಿನಲ್ಲೂ ಉರಿಯುತ್ತಿದೆ. ನ್ಯೂಟ್ರಲಿನ ವಯರು ಅರ್ತಿಗೆ ತಾಗಿದಾಗ ಹೊತ್ತುವ ಲೈಟು ಅದು. ಎಡಗಡೆಯ ಕವರು ಮುಚ್ಚುವಾಗ ನಾನೇ ಆ ವಯರನ್ನು ಕವರಿನ ಅಂಚಿಗೆ ಸಿಕ್ಕಿಸಿ ಬಿಗಿದಿದ್ದೇನೆ. ಮತ್ತೆ ಬಿಚ್ಚಬೇಕು. ಪುಲ್ಲರ್ ಬೇಕಾಗಲಿಕ್ಕಿಲ್ಲ, ಕವರು ತೆಗೆದರೆ ಸಾಕು. ಓಣಂ ರಜೆಗೆ ನೋಡಬೇಕು. ಅಲ್ಲಿಯವರೆಗೆ ನ್ಯೂಟ್ರಲ್ ಎಲ್ಲಿದೆ ಎಂದು ಕಾಲೇ ಹುಡುಕಿಕೊಳ್ಳಲಿ.